ಹಿಮದ ಊರಿಗೆ ಬಂದ ಸೇನೆಯ ಗಾಡಿ

ಅಮೆರಿಕದ ದಕ್ಷಿಣ ತುದಿಯ ಮಯಾಮಿಯಲ್ಲಿ, ಬಿಸಿಲು ಮತ್ತು ತೆಂಗಿನ ಮರಗಳ ನಡುವಿನಿಂದ ಹೊರಡುವ ಯು.ಎಸ್. 41 ಹೆದ್ದಾರಿ ಸುಮಾರು 2,000 ಮೈಲಿ ಉತ್ತರಕ್ಕೆ ಓಡಿ, ಮಿಷಿಗನ್ ರಾಜ್ಯದ ಕಾಪರ್ ಹಾರ್ಬರ್ ಎಂಬ ಪುಟ್ಟ ಊರಿನಾಚೆ ಕಾಡಿನೊಳಗೆ ಒಂದು ಸುತ್ತು ತಿರುಗಿ ಮುಗಿದುಹೋಗುತ್ತದೆ. ಮುಂದೆ ದಾರಿಯಿಲ್ಲ. ಇರುವುದು ಸಮುದ್ರದಂತೆ ಹರಡಿದ ಸುಪೀರಿಯರ್ ಸರೋವರ. ಆ ಸರೋವರದೊಳಕ್ಕೆ ಬೆರಳು ಚಾಚಿದಂತೆ ನುಗ್ಗಿರುವ ಈ ನೆಲಕ್ಕೆ ಕೀವಿನಾ ಪರ್ಯಾಯ ದ್ವೀಪ ಎಂದು ಹೆಸರು.

ಇದೇ ಹೆದ್ದಾರಿಯ ಪಕ್ಕದಲ್ಲಿ ಥರ್ಮಾಮೀಟರಿನ ಆಕಾರದ ಒಂದು ಎತ್ತರದ ಫಲಕವಿದೆ. ಆದರೆ ಅದು ತೋರಿಸುವುದು ಶಾಖವನ್ನಲ್ಲ, ಬಿದ್ದ ಹಿಮದ ಲೆಕ್ಕವನ್ನು. ಅದರ ಮೇಲ್ತುದಿಯ ಗುರುತು 390.4 ಅಂಗುಲ. 1978-79ರ ಒಂದೇ ಚಳಿಗಾಲದಲ್ಲಿ ಇಲ್ಲಿ ಅಷ್ಟು ಹಿಮ ಬಿತ್ತು. ಅಂದರೆ ಮೂವತ್ತೆರಡೂವರೆ ಅಡಿ! ಬಿದ್ದದ್ದೆಲ್ಲ ಕರಗದೆ, ಕುಗ್ಗದೆ ಹಾಗೆಯೇ ನಿಂತಿದ್ದರೆ ಮೂರಂತಸ್ತಿನ ಕಟ್ಟಡವೊಂದು ಅದರಲ್ಲಿ ಮುಳುಗುತ್ತಿತ್ತು.

ಇಷ್ಟೊಂದು ಹಿಮ ಇಲ್ಲಿಗೇ ಏಕೆ ಬರಬೇಕು? ನಮ್ಮ ಆಗುಂಬೆಯನ್ನು ನೆನೆಸಿಕೊಂಡರೆ ಉತ್ತರ ಅರ್ಧ ಸಿಕ್ಕಂತೆ. ಅರಬ್ಬಿ ಸಮುದ್ರದ ತೇವ ಹೊತ್ತ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ಮಳೆ ಸುರಿಸುತ್ತದೆ. ಇಲ್ಲಿ ಕೆನಡಾದ ಕಡೆಯಿಂದ ಬರುವ ಕೊರೆಯುವ ಒಣಗಾಳಿ, ತನಗಿಂತ ಬೆಚ್ಚಗಿರುವ ಸರೋವರದ ಮೇಲೆ ಹಾಯುತ್ತ ತೇವ ಹೀರಿಕೊಂಡು, ಕೀವಿನಾದ ಬೆಟ್ಟಸಾಲಿಗೆ ಏರಿದೊಡನೆ ಹಿಮವಾಗಿ ಉದುರುತ್ತದೆ. ಒಂದು ವ್ಯತ್ಯಾಸವುಂಟು. ಆಗುಂಬೆಯ ಮಳೆ ಹಳ್ಳ ಸೇರಿ ಹರಿದುಹೋಗುತ್ತದೆ. ಕೀವಿನಾದ ಹಿಮ ಬಿದ್ದಲ್ಲೇ ಕೂರುತ್ತದೆ. ಯಾರಾದರೂ ಎತ್ತಿ ಪಕ್ಕಕ್ಕೆ ಹಾಕಬೇಕು.

ಆ ‘ಯಾರಾದರೂ’ ಯಾರು ಎಂಬುದೇ ಇಲ್ಲಿನ ದೊಡ್ಡ ಪ್ರಶ್ನೆ. ಹೆದ್ದಾರಿಯನ್ನೂ ಊರ ರಸ್ತೆಗಳನ್ನೂ ಕೌಂಟಿಯ ರಸ್ತೆ ಇಲಾಖೆಯ ದೈತ್ಯ ಲಾರಿಗಳು ನಸುಕಿನಲ್ಲೇ ಬಂದು ಸಾಫು ಮಾಡುತ್ತವೆ. ಆದರೆ ರಸ್ತೆಯಿಂದ ಮನೆಯ ಬಾಗಿಲವರೆಗಿನ ದಾರಿ ಮನೆಯವರದು. ನಮ್ಮ ಮಲೆನಾಡಿನ ಒಂಟಿಮನೆಗಳ ಹಾಗೆ ಅಲ್ಲಿಯೂ ಕಾಡಿನೊಳಗೆ ದೂರ ದೂರ ಕಟ್ಟಿದ ಮನೆಗಳು; ಮನೆಯಿಂದ ರಸ್ತೆಗೆ ಒಂದು ಫರ್ಲಾಂಗು ದಾರಿ ಇದ್ದರೂ ಆಶ್ಚರ್ಯವಿಲ್ಲ. ಆ ದಾರಿ ಮುಚ್ಚಿದರೆ ಮಕ್ಕಳು ಶಾಲೆಯ ಬಸ್ಸು ಹಿಡಿಯುವಂತಿಲ್ಲ. ಮನೆ ಕಾಯಿಸುವ ಗ್ಯಾಸು ತರುವ ಟ್ಯಾಂಕರು ಒಳಗೆ ಬರುವಂತಿಲ್ಲ. ಮುದುಕರಿರುವ ಮನೆಯಲ್ಲಿ ರಾತ್ರಿ ಎದೆನೋವು ಕಾಣಿಸಿಕೊಂಡರೆ ಆಂಬುಲೆನ್ಸು ರಸ್ತೆಯಲ್ಲೇ ನಿಲ್ಲುತ್ತದೆ. ಹಿಮ ಎಂದರೆ ಸಿನಿಮಾ ಹಾಡಿನ ಹಿನ್ನೆಲೆ ಎಂದುಕೊಂಡವರು ಜನವರಿಯಲ್ಲಿ ಒಂದು ವಾರ ಇಲ್ಲಿದ್ದು ನೋಡಬೇಕು.

ಅಂಗಳದ ಹಿಮಕ್ಕೆ ಸಲಿಕೆ ಸಾಕು. ದಾರಿ ಉದ್ದವಿದ್ದರೆ ಗಾಡಿಯ ಮುಂದೆ ‘ಸ್ನೋ ಪ್ಲೌ’ ಕಟ್ಟಲೇಬೇಕು. ಹೆಸರಿನಲ್ಲಿ ನೇಗಿಲಿದ್ದರೂ ಅದು ಉಳುವುದಿಲ್ಲ. ಬುಲ್ಡೋಜರಿನ ಮೂತಿಗಿರುವಂಥ ಬಾಗಿದ ಉಕ್ಕಿನ ಹಲಗೆ, ಸುಮಾರು ಎಂಟಡಿ ಅಗಲ. ಹಿಮ ತಳ್ಳುವ ಕೆಲಸ ಗಾಡಿಯನ್ನು ಸವೆಸಿಬಿಡುತ್ತದೆ: ಮುಂದೆ, ಹಿಂದೆ, ಮತ್ತೆ ಮುಂದೆ, ಢಿಕ್ಕಿ ಹೊಡೆದಂತೆ ರಾಶಿಗೆ ನುಗ್ಗುವುದು. ಸಾಲ ಮಾಡಿ ತಂದ ಹೊಸ ಗಾಡಿಗೆ ಈ ಶಿಕ್ಷೆ ಕೊಡಲು ಯಾರಿಗೆ ಮನಸ್ಸು ಬಂದೀತು? ಹಾಗಾಗಿ ಕೈಯಲ್ಲಿ ಸ್ವಲ್ಪ ಕಸುಬು ಇದ್ದವರ ಕಣ್ಣು ಸೇನೆಯ ಹರಾಜಿನ ಕಡೆ ಹೊರಳುತ್ತದೆ. ಕೊಡಗಿನ ಎಸ್ಟೇಟುಗಳಲ್ಲಿ ಮಿಲಿಟರಿ ಡಿಸ್ಪೋಸಲ್ ಜೀಪುಗಳನ್ನು ಕಂಡವರಿಗೆ ಈ ಲೆಕ್ಕಾಚಾರ ಹೊಸದೇನಲ್ಲ.

ಎರಡೂವರೆ ಟನ್ನಿನ ಮೋಹ

ಹರಾಜಿಗೆ ಹೋದವರೆಲ್ಲ ಮೊದಲು ಮರುಳಾಗುವುದು ‘ಡ್ಯೂಸ್ ಅಂಡ್ ಎ ಹಾಫ್’ ಎಂಬ ಅಡ್ಡಹೆಸರಿನ ಎಂ35 ಲಾರಿಗೆ. ಎರಡೂವರೆ ಎಂದರೆ ಕಾಡುಮೇಡಿನಲ್ಲಿ ಅದು ಹೊರುವ ಟನ್ನುಗಳ ಲೆಕ್ಕ. 1950ರ ಸುಮಾರಿಗೆ ಸೇನೆ ಸೇರಿದ ಈ ವಿನ್ಯಾಸ ವಿಯೆಟ್ನಾಂ ಯುದ್ಧವನ್ನೂ ಕಂಡು ದಶಕಗಟ್ಟಲೆ ದುಡಿಯಿತು. ಖಾಲಿ ತೂಕವೇ ಸುಮಾರು ಆರು ಟನ್. ಮೂರು ಆಕ್ಸಲ್‌ಗಳಿಗೂ ಎಂಜಿನ್ನಿನ ಬಲ. ‘ಮಲ್ಟಿಫ್ಯೂಯೆಲ್’ ಎಂಜಿನ್ ಇರುವ ಮಾದರಿಯಂತೂ ಡೀಸೆಲ್, ಸೀಮೆಎಣ್ಣೆ, ಸಿಕ್ಕದೇ ಹೋದರೆ ಪೆಟ್ರೋಲು ಹಾಕಿದರೂ ಓಡಬೇಕೆಂದು ತಯಾರಾದದ್ದು.

ಆದರೆ ಹಿಮದ ನಾಡಿನಲ್ಲಿ ಇದರೊಡನೆ ಬಾಳುವೆ ಸುಲಭವಲ್ಲ. ಕ್ಯಾಬಿನ್ನಿಗೆ ಕ್ಯಾನ್ವಾಸಿನ ಮಾಡು. ಹೀಟರು ಬೇಕಾದರೆ ಬೇರೆ ಜೋಡಿಸಿಕೊಳ್ಳಬೇಕು. ಪವರ್ ಸ್ಟಿಯರಿಂಗ್ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕು. ಹಳೆಯ ಮಾದರಿಗಳಲ್ಲಿ ಎಲ್ಲ ಚಕ್ರಗಳಿಗೂ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಎಣ್ಣೆಯ ಜಾಡು. ಎಲ್ಲೋ ಒಂದು ಕಡೆ ರಬ್ಬರ್ ಪೈಪು ಒಡೆದರೆ ಪೆಡಲು ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಮುಂದೆ ಶಾಲೆಯ ಬಸ್ಸು, ಹಿಂದೆ ಆರು ಟನ್ ಲಾರಿ, ಕೈಯಲ್ಲಿ ಉಳಿದದ್ದು ಹ್ಯಾಂಡ್‌ಬ್ರೇಕ್ ಮಾತ್ರ. ಈ ಗಾಡಿ ಕೊಂಡ ಬುದ್ಧಿವಂತರು ಬಣ್ಣ ಬಳಿಯುವುದಕ್ಕೆ ಮೊದಲು ಬ್ರೇಕಿನ ಪೈಪುಗಳನ್ನೆಲ್ಲ ಬದಲಾಯಿಸುತ್ತಾರೆ. ಕೆಲವರು ಎರಡು ಜಾಡಿನ ಮಾಸ್ಟರ್ ಸಿಲಿಂಡರನ್ನೇ ಕೂರಿಸುತ್ತಾರೆ. ಚಕ್ರದ ಲಾಕ್ ರಿಂಗ್ ಇನ್ನೊಂದು ಗಂಡಾಂತರ. ಸರಿಯಾಗಿ ಕೂರದ ರಿಂಗು ಗಾಳಿ ತುಂಬುವಾಗ ಸಿಡಿದರೆ ಎದುರಿಗಿದ್ದವನು ಉಳಿಯುವುದು ಕಷ್ಟ. ಅದಕ್ಕೇ ಚಕ್ರವನ್ನು ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ತುಂಬುತ್ತಾರೆ. ನಮ್ಮ ಹೆದ್ದಾರಿಗಳ ಪಂಚರ್ ಅಂಗಡಿಯವರಿಗೂ ಈ ಭಯ ಗೊತ್ತು.

ಮೋಹ ಇಳಿದ ಮೇಲೆ ಹೆಚ್ಚಿನವರು ಮನೆಗೆ ತರುವುದು ಇನ್ನೊಂದನ್ನು: ಷೆವ್ರೊಲೆ ಪಿಕಪ್ಪಿಗೇ ಹಸಿರು ಬಣ್ಣ ಬಳಿದಂತಿರುವ ಎಂ1008. 1980ರ ದಶಕದ ನಡುವಿನಲ್ಲಿ, ಹಣ ಉಳಿಸಲೆಂದು ಸೇನೆ ಮಾರುಕಟ್ಟೆಯ ಗಾಡಿಯನ್ನೇ ಚೂರುಪಾರು ಬದಲಾಯಿಸಿ ಕೊಂಡುಕೊಂಡಿತು. 6.2 ಲೀಟರಿನ ಡೀಸೆಲ್ ಎಂಜಿನ್, ನಾಲ್ಕು ಚಕ್ರಕ್ಕೂ ಬಲ, ಭಾರಿ ಆಕ್ಸಲ್‌ಗಳು. ಮುಂದೆ ಹಿಮದ ಹಲಗೆಯ ಭಾರ ಹೊರಲು ಹೇಳಿ ಮಾಡಿಸಿದ ಹಾಗಿದೆ. ಬಿಡಿಭಾಗಗಳಲ್ಲಿ ಬಹುಪಾಲು ಊರಿನ ಅಂಗಡಿಯಲ್ಲೇ ಸಿಗುವಂಥವು.

ಹರಾಜಿನ ಷರತ್ತು ಎಲ್ಲ ಕಡೆಯೂ ಒಂದೇ: ಇದ್ದ ಹಾಗೆ, ಇದ್ದ ಜಾಗದಲ್ಲಿ. ಗ್ಯಾರಂಟಿಯ ಮಾತಿಲ್ಲ. ಓಡೋಮೀಟರಿನಲ್ಲಿ ಕಡಿಮೆ ಮೈಲಿ ಕಂಡು ಹಿಗ್ಗುವವರು ಏಮಾರುತ್ತಾರೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ರಬ್ಬರ್ ಸೀಲುಗಳು ಒಣಗಿರುತ್ತವೆ, ಟ್ಯಾಂಕಿನ ತಳದಲ್ಲಿ ತುಕ್ಕು ಕೂತಿರುತ್ತದೆ, ವೈರುಗಳನ್ನು ಇಲಿ ತಿಂದಿರುತ್ತದೆ. ಎಸ್.ಎಫ್. 97 ಎಂಬ ಸರ್ಕಾರಿ ಕಾಗದ ಕೈಗೆ ಬಂತೇ ಎಂದು ಮೊದಲು ನೋಡಿಕೊಳ್ಳಬೇಕು; ಅದಿಲ್ಲದಿದ್ದರೆ ಗಾಡಿಯನ್ನು ತನ್ನ ಹೆಸರಿಗೆ ನೋಂದಾಯಿಸಿಕೊಳ್ಳುವುದು ತಲೆನೋವು.

ಹನ್ನೆರಡೋ ಇಪ್ಪತ್ತನಾಲ್ಕೋ?

ಹೈಸ್ಕೂಲಿನಲ್ಲಿ ಬ್ಯಾಟರಿಗಳ ಸರಣಿ ಜೋಡಣೆ ಓದುವ ಮಕ್ಕಳಿಗೆ ಎಂ1008 ಒಂದು ಒಳ್ಳೆಯ ಪಾಠ. ಹನ್ನೆರಡು ವೋಲ್ಟಿನ ಎರಡು ಬ್ಯಾಟರಿಗಳು ಸರಣಿಯಲ್ಲಿವೆ. ಎಂಜಿನ್ ಚಾಲೂ ಮಾಡುವ ಮೋಟಾರಿಗೆ 24 ವೋಲ್ಟ್, ದೀಪ ಮುಂತಾದವಕ್ಕೆ ಒಂದೇ ಬ್ಯಾಟರಿಯ 12 ವೋಲ್ಟ್. ಪೇಟೆಯಲ್ಲಿ ಸಿಗುವ ಹಿಮದ ಹಲಗೆಯನ್ನು ಎತ್ತಿಳಿಸುವ ಹೈಡ್ರಾಲಿಕ್ ಪಂಪು ಸಾಮಾನ್ಯವಾಗಿ 12 ವೋಲ್ಟಿನದು. ತಪ್ಪು ತುದಿಗೆ ತಂತಿ ಕಟ್ಟಿದರೆ ಮೋಟಾರು ಸುಟ್ಟ ವಾಸನೆಯೇ ಗುರುದಕ್ಷಿಣೆ!

ಚಳಿಯಲ್ಲಿ ಡೀಸೆಲ್ ಎಂಜಿನ್ನಿಗೆ ಉಸಿರು ಕೊಡುವುದು ಗ್ಲೋ ಪ್ಲಗ್ಗುಗಳು. ಸಿಲಿಂಡರಿನ ಗಾಳಿಯನ್ನು ಮೊದಲು ಬೆಚ್ಚಗಾಗಿಸುವ ಪುಟ್ಟ ಕಡ್ಡಿಗಳು, ಒಟ್ಟು ಎಂಟು. ಸೇನೆಯ ಜೋಡಣೆಯಲ್ಲಿ ಇವಕ್ಕೆ 24 ವೋಲ್ಟನ್ನು ರೆಸಿಸ್ಟರುಗಳ ಮೂಲಕ ಇಳಿಸಿ ಕೊಡುತ್ತಾರೆ. ಅದರ ರಿಲೇ ಅಂಟಿಕೊಂಡರೆ ವಿದ್ಯುತ್ತು ನಿಲ್ಲದೆ ಹರಿದು ಕಡ್ಡಿಗಳು ಸುಟ್ಟು ಊದಿಕೊಳ್ಳುತ್ತವೆ. ಕೀಳಲು ಹೋದರೆ ತುದಿ ಮುರಿದು ಎಂಜಿನ್ನಿನೊಳಕ್ಕೆ ಬೀಳುವ ಭಯ. ಅನುಭವಸ್ಥರು ರೆಸಿಸ್ಟರುಗಳನ್ನು ಬಿಟ್ಟು ನೇರ 12 ವೋಲ್ಟಿಗೆ ಜೋಡಿಸಿ ನಿಶ್ಚಿಂತರಾಗುತ್ತಾರೆ. ಡೀಸೆಲ್ಲೂ ಇಲ್ಲಿ ನಂಬಿಕಸ್ಥವಲ್ಲ. ಕಡುಚಳಿಯಲ್ಲಿ ಅದರೊಳಗಿನ ಮೇಣ, ನಮ್ಮಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ ಹಾಗೆ, ಗಟ್ಟಿಯಾಗಿ ಫಿಲ್ಟರನ್ನು ಕಟ್ಟಿಬಿಡುತ್ತದೆ. ಅದಕ್ಕೆ ತೆಳು ಡೀಸೆಲ್ ಬೆರೆಸುತ್ತಾರೆ. ರಾತ್ರಿಯಿಡೀ ಎಂಜಿನ್ನಿಗೆ ವಿದ್ಯುತ್ ಹೀಟರ್ ಹಚ್ಚಿಡುತ್ತಾರೆ.

ಹಳೆಯ ಹಸಿರು ಬಣ್ಣವನ್ನು ಉಜ್ಜುವಾಗ ಮಾತ್ರ ಹುಷಾರು. ರಾಸಾಯನಿಕ ಅಸ್ತ್ರಗಳನ್ನು ತಡೆದುಕೊಳ್ಳಲೆಂದು ತಯಾರಿಸಿದ ಬಣ್ಣವದು, ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅಪ್ಪನಿಗೆ ನೆರವಾಗಲು ಶೆಡ್ಡಿಗೆ ಬರುವ ಮಕ್ಕಳಿಗೆ ಮುಖವಾಡ ತೊಡಿಸದೆ ಸ್ಯಾಂಡ್‌ಪೇಪರ್ ಕೊಡಬಾರದು. ಶತ್ರುವಿನ ಕಣ್ಣು ತಪ್ಪಿಸುವ ‘ಬ್ಲ್ಯಾಕೌಟ್’ ಸ್ವಿಚ್ಚೂ ಒಂದಿದೆ. ಅದು ಅಪ್ಪಿತಪ್ಪಿ ಒತ್ತಿದ್ದರೆ ಮಾಮೂಲು ದೀಪಗಳು ಉರಿಯುವುದಿಲ್ಲ. ಲೈಟು ಕೆಟ್ಟಿತೆಂದು ದಿನವಿಡೀ ವೈರು ಬಿಚ್ಚಿ, ಕೊನೆಗೆ ಸ್ವಿಚ್ಚು ಕಂಡು ನಕ್ಕ ಹೊಸಬರು ಒಬ್ಬಿಬ್ಬರಲ್ಲ.

ಹಲಗೆ ಕಟ್ಟಿದ ಮೇಲೆ ಹಿಂದಿನ ಪೆಟ್ಟಿಗೆಗೆ ಮರಳಿನ ಚೀಲ ಹೇರಬೇಕು, ಇಲ್ಲದಿದ್ದರೆ ಹಿಂಚಕ್ರಗಳು ಹಿಡಿತವಿಲ್ಲದೆ ಸುತ್ತುತ್ತವೆ. ಹಲಗೆಯ ಹಿಂದೆ ಬಲವಾದ ಸ್ಪ್ರಿಂಗುಗಳಿರುತ್ತವೆ. ಹಿಮದಡಿಯ ಕಲ್ಲಿಗೆ ಬಡಿದಾಗ ಹಲಗೆ ಮುಂದಕ್ಕೆ ಮಡಚಿಕೊಂಡು ಗಾಡಿಯನ್ನು ಉಳಿಸುತ್ತದೆ. ಇನ್ನು ಹಿಮ ತಳ್ಳುವ ಜಾಣ್ಮೆಯೆಲ್ಲ ನವೆಂಬರಿನಲ್ಲೇ ತೀರ್ಮಾನವಾಗುತ್ತದೆ. ಮೊದಲ ಹಿಮವನ್ನು ಸೋಮಾರಿತನದಿಂದ ದಾರಿಯಂಚಿನಲ್ಲೇ ಬಿಟ್ಟವನಿಗೆ ಫೆಬ್ರವರಿಯಲ್ಲಿ ಹೊಸ ಹಿಮ ಹಾಕಲು ಜಾಗವಿರುವುದಿಲ್ಲ. ಹೆಪ್ಪುಗಟ್ಟಿದ ಗೋಡೆಗಳು ಎರಡೂ ಕಡೆಯಿಂದ ಒತ್ತಿ ಬರುತ್ತವೆ. ಸಾರ್ವಜನಿಕ ರಸ್ತೆಗೆ ತಳ್ಳೋಣವೆಂದರೆ ಮಿಷಿಗನ್ನಿನ ಕಾನೂನು ಒಪ್ಪದು.

ಇದೇ ಸೀಮೆಯ ಹೌಟನ್ ಪಟ್ಟಣದಲ್ಲಿ ಮಿಷಿಗನ್ ಟೆಕ್ ವಿಶ್ವವಿದ್ಯಾಲಯವಿದೆ. ತಾಮ್ರದ ಗಣಿಗಳ ಕಾಲದಲ್ಲಿ, 1885ರಲ್ಲಿ, ಗಣಿಗಾರಿಕೆಯ ಶಾಲೆಯಾಗಿ ಹುಟ್ಟಿದ್ದು. ಎಂಜಿನಿಯರಿಂಗ್ ಓದಲು ಭಾರತದಿಂದ ಹೋಗುವ ವಿದ್ಯಾರ್ಥಿಗಳು ಇಲ್ಲಿಯೂ ಇದ್ದಾರೆ. ಹಿಮದಲ್ಲಿ ವಾಹನಗಳನ್ನು ಪರೀಕ್ಷಿಸುವ ಇಲ್ಲಿನ ಕೀವಿನಾ ಸಂಶೋಧನಾ ಕೇಂದ್ರ ಮೊದಲು ಸೇನೆಯದೇ ಆಗಿತ್ತು. ಸೇನೆಯ ಗಾಡಿಗಳಿಗೂ ಈ ಹಿಮಕ್ಕೂ ಹಳೆಯ ನಂಟೇ ಅನ್ನಬೇಕು. ಮಗನನ್ನೋ ಮಗಳನ್ನೋ ಅಲ್ಲಿಗೆ ಕಳಿಸುವ ತಂದೆತಾಯಿ ಸ್ವೆಟರಿನ ಜೊತೆಗೆ ಒಳ್ಳೆಯ ಬೂಟಿಗೂ ಹಣ ತೆಗೆದಿಡುವುದು ಲೇಸು.

ಬೆಳಗಿನ ಐದು ಗಂಟೆ. ರಾತ್ರಿ ಹತ್ತಂಗುಲ ಬಿದ್ದಿದೆ. ಶೆಡ್ಡಿನಲ್ಲಿ ಗ್ಲೋ ಪ್ಲಗ್ಗಿನ ದೀಪ ಆರುವವರೆಗೆ ಕಾದು ಕೀಲಿ ತಿರುಗಿಸಿದರೆ ಎಂಜಿನ್ ಒಮ್ಮೆ ಕೆಮ್ಮಿ, ಬಿಳಿ ಹೊಗೆಯುಗುಳಿ, ಹಿಡಿದುಕೊಳ್ಳುತ್ತದೆ. ಮುಕ್ಕಾಲು ಗಂಟೆಯಲ್ಲಿ ಬಾಗಿಲಿನಿಂದ ರಸ್ತೆಯವರೆಗೆ ದಾರಿ ಸಾಫು. ಗಾಡಿ ಒಳಗಿಟ್ಟು ಕಾಫಿಗೆ ಕೂರುವಷ್ಟರಲ್ಲಿ ಕೌಂಟಿಯ ಲಾರಿ ಗುಡುಗುತ್ತ ಹಾದುಹೋಗಿ, ರಸ್ತೆಯ ಹಿಮವನ್ನೆಲ್ಲ ಇದೀಗ ತೆರೆದ ದಾರಿಯ ಬಾಯಿಗೆ ಸೊಂಟದೆತ್ತರಕ್ಕೆ ಒಟ್ಟಿರುತ್ತದೆ. ಶಾಲೆಯ ಬಸ್ಸು ಬರಲು ಇನ್ನೂ ಅರ್ಧ ಗಂಟೆಯಿದೆ. ಮನೆಯೊಡೆಯ ಲೋಟ ಕೆಳಗಿಟ್ಟು ಮತ್ತೆ ಕೋಟು ತೊಡುತ್ತಾನೆ.