ಆಗುಂಬೆಯ ಎರಚಲು, ಮನೆಯ ಬಾಗಿಲು

ಮಳೆ ಮೇಲಿನಿಂದ ಬೀಳುತ್ತದೆ ಎಂದುಕೊಂಡಿರುವ ಮಕ್ಕಳು ಜುಲೈನಲ್ಲಿ ಒಮ್ಮೆ ಆಗುಂಬೆಗೆ ಹೋಗಬೇಕು. ಅಲ್ಲಿ ಮಳೆ ಪಕ್ಕದಿಂದಲೂ ಬರುತ್ತದೆ! ತೀರ್ಥಹಳ್ಳಿ ತಾಲ್ಲೂಕಿನ ಈ ಪುಟ್ಟ ಊರು ಪಶ್ಚಿಮಘಟ್ಟದ ಅಂಚಿನಲ್ಲಿದೆ. ಅರಬ್ಬೀ ಸಮುದ್ರದ ಗಾಳಿ ಘಟ್ಟ ಹತ್ತಿ ಬಂದು ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಸುತ್ತದೆ. ಬೆಂಗಳೂರಿನ ಮಳೆಗೆ ಹೋಲಿಸಿದರೆ ಸುಮಾರು ಏಳು ಪಟ್ಟು. ಗಾಳಿಯ ಜೊತೆ ಓರೆಯಾಗಿ ನುಗ್ಗುವ ಮಳೆಯೇ ಎರಚಲು. ಕೊಡೆ ಹಿಡಿದರೆ ತಲೆಯೊಂದು ಉಳಿಯುತ್ತದೆ, ಅಷ್ಟೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಆ ಸೀಮೆಯಲ್ಲಿ ಕೆಲಕಾಲ ಇದ್ದೆ. ಅಲ್ಲಿನ ಹಳೆಯ ಮನೆಗಳು ನೀರಿನ ಲೆಕ್ಕ ಇಟ್ಟಿರುವ ರೀತಿ ನನಗೆ ಬಹಳ ಹಿಡಿಸಿತು. ಮಣ್ಣಿನ ಗೋಡೆ ನೆನೆದು ಮೆತ್ತಗಾದರೆ ಕುಸಿಯುತ್ತದೆ. ಹಾಗಾಗಿ ಎರಚಲು ತಡೆಯುವುದೆಂದರೆ ಮನೆಯನ್ನೇ ಉಳಿಸಿಕೊಳ್ಳುವುದು.

ಮೊದಲ ಕಾವಲು ಸೂರಿನದು. ಹೆಂಚಿನ ಮಾಡು ಗೋಡೆಯಿಂದ ಬಹಳ ಮುಂದೆ ಚಾಚಿ, ತಗ್ಗಿ ಬಂದಿರುತ್ತದೆ. ಅದರಡಿ ಜಗಲಿ, ಜಗಲಿಯ ಹಿಂದೆ ಬಾಗಿಲು. ಮಳೆಗಾಲಕ್ಕೆ ಮುಂಚೆ ಗಾಳಿ ಬೀಸುವ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಗಾಳಿಯ ರಭಸ ಅಲ್ಲೇ ಮುರಿದು ನೀರು ಸೋಗೆಯ ಮೇಲೆ ಇಳಿದುಹೋಗುತ್ತದೆ. ಇದನ್ನೂ ದಾಟಿ ಬಂದ ನೀರಿಗೆ ಎತ್ತರದ ಹೊಸ್ತಿಲು ಅಡ್ಡ.

ಮುಚ್ಚಿದ ಬಾಗಿಲಿನ ಸಂದಿಯಿಂದಲೂ ನೀರು ಬರುವುದೇಕೆ? ಗಾಳಿ ಹೊರಗಿನಿಂದ ಒತ್ತುತ್ತದೆ, ಒಳಗೆ ಒತ್ತಡ ಕಡಿಮೆ. ಆ ವ್ಯತ್ಯಾಸವೇ ನೀರನ್ನು ಒಳಕ್ಕೆ ತಳ್ಳುತ್ತದೆ. ಅದಕ್ಕೇ ಬಡಗಿ ಚೌಕಟ್ಟಿನಲ್ಲಿ ಮೆಟ್ಟಿಲಿನಂತೆ ಕಚ್ಚು ಕೊರೆದು ಕದವನ್ನು ಅದರೊಳಗೆ ಕೂರಿಸುತ್ತಾನೆ. ನೇರ ದಾರಿ ಇಲ್ಲದೆ ನೀರು ತಿರುವಿನಲ್ಲೇ ಸೋಲುತ್ತದೆ.

ಈಗ ಎಲ್ಲೆಡೆ ತಾರಸಿ ಮನೆಗಳು. ಸೂರಿನ ಕೆಲಸ ಸಜ್ಜಾದ್ದು. ಲೋಟದ ನೀರನ್ನು ನಿಧಾನವಾಗಿ ಬಗ್ಗಿಸಿ ನೋಡಿ, ಹೊರಮೈಗೆ ಅಂಟಿಕೊಂಡೇ ಇಳಿಯುತ್ತದೆ. ಸಜ್ಜಾದ ಅಡಿಯಲ್ಲೂ ನೀರು ಹೀಗೆಯೇ ಅಂಟಿ ಕಿಟಕಿಯತ್ತ ಹರಿಯುತ್ತದೆ. ಅಂಚಿನ ಹತ್ತಿರ ಅಡಿಭಾಗದಲ್ಲಿ ಒಂದು ಗೆರೆ ಕೊರೆದಿದ್ದರೆ ಅಲ್ಲಿಂದ ಹನಿ ಕೆಳಗೆ ಬೀಳುತ್ತದೆ. ಮನೆ ಕಟ್ಟಿಸುವವರು ಈ ಗೆರೆಯನ್ನು ಮರೆಯಬಾರದು.

ಪಕ್ಕಕ್ಕೆ ಸರಿಸುವ ಕಿಟಕಿಗಳ ಕೆಳಹಳಿಯಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಧೂಳು ಕಟ್ಟಿದರೆ ಹಳಿ ತುಂಬಿ ನೀರು ಹಾಸಿಗೆಗೆ ಬರುತ್ತದೆ. ಮಕ್ಕಳೇ, ಮೇ ತಿಂಗಳು ಮುಗಿಯುವುದರೊಳಗೆ ಅಜ್ಜನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಳಗಿನಿಂದಲೇ ಕಡ್ಡಿಯಲ್ಲಿ ಆ ತೂತು ಬಿಡಿಸಿ. ಹಳಿಗೆ ಒಂದು ಲೋಟ ನೀರು ಹಾಕಿ. ಅದು ಹೊರಗೆ ಹರಿದರೆ ನಿಮ್ಮ ಕಿಟಕಿ ಮಳೆಗಾಲಕ್ಕೆ ಸಿದ್ಧ.