ಟೆಕಾಪೊ ದಡದಲ್ಲಿ ದೊರೆತ ಒಂದು ಗಂಟೆ



ದೂರದ ದೇಶಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಹೊರಟ ದಿನದಿಂದ ತಮ್ಮ ಕಥೆಯನ್ನು ಆರಂಭಿಸುತ್ತಾರೆ. ನಾನು ನ್ಯೂಜಿಲೆಂಡ್ ಪ್ರವಾಸದ ಕೊನೆಯ ಮೂರು ದಿನಗಳನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ.

2024ರ ಫೆಬ್ರವರಿ 26ರಂದು ನಾನೂ ನನ್ನ ಪತ್ನಿಯೂ ಕ್ರೈಸ್ಟ್‌ಚರ್ಚ್ ನಗರದಲ್ಲಿ ಒಂದು ಕ್ಯಾಂಪರ್‌ವ್ಯಾನನ್ನು ಬಾಡಿಗೆಗೆ ಪಡೆದೆವು. ಅಲ್ಲಿ ನರ್ಸ್ ಆಗಿರುವ ನಮ್ಮ ಮಗಳ ಏರ್ಪಾಡು ಅದು. ಹಾಸಿಗೆ, ಒಲೆ, ನೀರಿನ ತೊಟ್ಟಿ, ಪುಟ್ಟ ಶೌಚಾಲಯ ಎಲ್ಲವೂ ಒಂದೇ ಗಾಡಿಯೊಳಗೆ. ನಮ್ಮಲ್ಲಿಯಂತೆ ಅಲ್ಲಿಯೂ ರಸ್ತೆಯ ಎಡಬದಿಯಲ್ಲೇ ಸಂಚಾರವಾದುದರಿಂದ ಅರವತ್ತು ದಾಟಿದ ನನಗೆ ಚಾಲನೆ ಕಷ್ಟವಾಗಲಿಲ್ಲ. ಈ ವಯಸ್ಸಿನಲ್ಲಿ ಆರು ವಾರಗಳ ಅಲೆದಾಟ ಬೇಕಿತ್ತೇ ಎಂದು ಬಂಧುಗಳು ಕೇಳಿದ್ದುಂಟು. ಅವರಿಗೆ ಕಾರಣ ತಿಳಿದಿರಲಿಲ್ಲ. ನನ್ನ ಪತ್ನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ವ್ಯಾಧಿ. ಮೊದಲು ಕತ್ತಲಲ್ಲಿ ಕಾಣುವ ಶಕ್ತಿ ಕುಂದುತ್ತದೆ; ಬಳಿಕ ನೋಟದ ಅಂಚುಗಳು ಒಳಸರಿಯುತ್ತ, ಕೊಳವೆಯೊಳಗಿಂದ ನೋಡಿದಂತೆ ನಡುಭಾಗ ಮಾತ್ರ ಉಳಿಯುತ್ತದೆ. ನೋಡುವಷ್ಟನ್ನು ನೋಡಿಬಿಡೋಣವೆಂದೇ ಹೊರಟಿದ್ದೆವು.

ಏಪ್ರಿಲ್ 6, ಶನಿವಾರ. 3,724 ಮೀಟರ್ ಎತ್ತರದ ಅಯೊರಾಕಿ ಶಿಖರದ ಬುಡದಿಂದ ಟೆಕಾಪೊ ಸರೋವರಕ್ಕೆ ಬಂದೆವು. ಹಿಮನದಿಗಳು ಬಂಡೆಯನ್ನು ಅರೆದು ಮಾಡಿದ ಹಿಟ್ಟಿನಂಥ ಪುಡಿ ಆ ನೀರಿನಲ್ಲಿ ತೇಲುತ್ತಿರುತ್ತದೆ. ಆದುದರಿಂದಲೇ ಅದಕ್ಕೆ ಹಾಲು ಬೆರೆಸಿದ ನೀಲಿಯ ಬಣ್ಣ. ದಡದಲ್ಲಿ 1935ರಲ್ಲಿ ಕಟ್ಟಿದ ಕಲ್ಲಿನ ಪುಟ್ಟ ದೇವಾಲಯವೊಂದಿದೆ. ಒಳ್ಳೆಯ ಕುರುಬನ ಹೆಸರಿನದು. ಕುರಿಗಳ ನಾಡಿಗೆ ಇದಕ್ಕಿಂತ ತಕ್ಕ ಹೆಸರು ಬೇರೊಂದಿಲ್ಲ. ಪೂಜಾಪೀಠದ ಹಿಂದೆ ಗೋಡೆಯ ಬದಲು ದೊಡ್ಡ ಕಿಟಕಿ. ಕಿಟಕಿಯಾಚೆ ಸರೋವರ, ಅದರಾಚೆ ಬೆಟ್ಟಗಳು. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ. ಈ ನಿಯಮ ನನಗೆ ತುಂಬ ಹಿಡಿಸಿತು. ಆಕೆ ಹಿಂದಿನ ಬೆಂಚಿನಲ್ಲಿ ಬಹಳ ಹೊತ್ತು ಕುಳಿತಿದ್ದು, “ಈ ಕಿಟಕಿ ನನ್ನ ಅಳತೆಗೇ ಇದೆ ನೋಡಿ. ಪಕ್ಕದಲ್ಲಿ ಏನೂ ತಪ್ಪಿಹೋಗುತ್ತಿಲ್ಲ” ಎಂದಳು.

ರಾತ್ರಿಯ ಆಕಾಶಕ್ಕೆ ಆ ಸೀಮೆ ಹೆಸರುವಾಸಿ. 2012ರಿಂದ ಅದು ಕತ್ತಲ ಆಕಾಶದ ಸಂರಕ್ಷಿತ ಪ್ರದೇಶ. ಬೀದಿದೀಪಗಳೂ ನೆಲಕ್ಕಷ್ಟೇ ಬೆಳಕು ಚೆಲ್ಲುತ್ತವೆ. ಅಮಾವಾಸ್ಯೆಯೂ ಸಮೀಪಿಸಿತ್ತು. ಮಧ್ಯರಾತ್ರಿ ಹೊರಗೆ ನಿಂತಾಗ ದಕ್ಷಿಣದ ಶಿಲುಬೆಯ ನಕ್ಷತ್ರಗಳು ನಮ್ಮ ತಲೆಯ ಮೇಲೆಯೇ ಇದ್ದವು. ನಮ್ಮ ಮೈಸೂರಿನಲ್ಲಿ ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ಆ ಶಿಲುಬೆ ದಕ್ಷಿಣ ದಿಗಂತದ ಸಮೀಪ ಕೆಲವು ಗಂಟೆಗಳಷ್ಟೇ ತೋರಿ ಮುಳುಗುತ್ತದೆ. ಅಲ್ಲಿ ಅದು ಮುಳುಗುವುದೇ ಇಲ್ಲ. ಆಕೆಗೆ ಒಂದು ನಕ್ಷತ್ರವೂ ಕಾಣಿಸಲಿಲ್ಲ. ನಾನು ಆಕೆಯ ಬೆರಳು ಹಿಡಿದು ಒಂದೊಂದು ನಕ್ಷತ್ರದತ್ತ ತೋರಿಸಿದೆ. ಚಳಿಗೆ ಬೆರಳು ಮರಗಟ್ಟುವವರೆಗೂ ಬೇಡವೆನ್ನಲಿಲ್ಲ.

ಅಂದು ಅಲ್ಲಿ ಬೇಸಿಗೆಯ ಗಡಿಯಾರ ಮುಗಿಯುವ ರಾತ್ರಿ. ನಸುಕಿನ ಮೂರು ಗಂಟೆಗೆ ದೇಶವೆಲ್ಲ ಗಡಿಯಾರವನ್ನು ಎರಡಕ್ಕೆ ತಿರುಗಿಸುತ್ತದೆ. ಹೀಗಾಗಿ ಭಾನುವಾರ ಬೆಳಿಗ್ಗೆ ನಮಗೆ ಒಂದು ಗಂಟೆ ಹೆಚ್ಚಾಗಿ ದೊರೆಯಿತು. ಆ ಗಂಟೆಯಲ್ಲಿ ಗಾಡಿಯನ್ನು ಬರಿದು ಮಾಡಲು ಕುಳಿತೆವು. ಬಳಸಿದ ನೀರನ್ನೂ ಶೌಚದ ಪೆಟ್ಟಿಗೆಯನ್ನೂ ನಿಗದಿತ ಸ್ಥಳದಲ್ಲಿ ಸುರಿದು ತೊಳೆಯುವ ಕೆಲಸ ನನ್ನದು. ಅದರ ವರ್ಣನೆ ನಿಮಗೆ ಬೇಡ. ಉಳಿದ ಅಕ್ಕಿ, ಉಪ್ಪು, ಅರ್ಧ ಶೀಸೆ ಎಣ್ಣೆಯನ್ನು ಶಿಬಿರದ ಅಡುಗೆಮನೆಯ ಹಲಗೆಯ ಮೇಲೆ ಇಟ್ಟೆವು. ಹೊರಡುವವರು ಬಿಟ್ಟದ್ದನ್ನು ಬರುವವರು ಒಯ್ಯುವ ರೂಢಿ ಅಲ್ಲಿದೆ.

ಕಪಾಟುಗಳನ್ನು ತೆರವು ಮಾಡುತ್ತಿದ್ದವಳು ಆಕೆ. ನಾನು ಬಾಗಿಲಲ್ಲಿ ನಿಂತು ಗಮನಿಸಿದೆ: ಆಕೆ ಯಾವುದನ್ನೂ ಕಣ್ಣಿನಿಂದ ಹುಡುಕುತ್ತಿರಲಿಲ್ಲ. ಕೈ ನೇರವಾಗಿ ಚಮಚಕ್ಕೆ, ಬೆಂಕಿಪೊಟ್ಟಣಕ್ಕೆ, ದೀಪದ ಗುಂಡಿಗೆ ಹೋಗುತ್ತಿತ್ತು. ಚಲಿಸುವ ಮನೆಯಲ್ಲಿ ಪ್ರತಿ ವಸ್ತುವಿಗೂ ಒಂದೇ ಜಾಗ. ಹೊರಡುವ ಮುನ್ನ ಪ್ರತಿ ಬಾಗಿಲಿಗೂ ಚಿಲಕ ಹಾಕಬೇಕು, ಇಲ್ಲವಾದರೆ ಮೊದಲ ತಿರುವಿನಲ್ಲೇ ತಟ್ಟೆಗಳು ನೆಲಕ್ಕೆ. ಆರು ವಾರಗಳಲ್ಲಿ ಆ ಶಿಸ್ತು ಆಕೆಯ ಕೈಗೆ ಕಣ್ಣು ಮೂಡಿಸಿತ್ತು. ಮಗಳ ಮನೆಯಲ್ಲಾಗಲೀ ಮೈಸೂರಿನ ನಮ್ಮ ಮನೆಯಲ್ಲಾಗಲೀ ಆಕೆ ಇಷ್ಟು ನಿರಾಳವಾಗಿ ಓಡಾಡಿದ್ದನ್ನು ನಾನು ಎರಡು ವರ್ಷಗಳಿಂದ ಕಂಡಿರಲಿಲ್ಲ.

ಅಮ್ಮ ಇಲ್ಲೇ ನಿಲ್ಲಲಿ ಎಂಬುದು ಮಗಳ ಬಯಕೆ. ಆರು ವಾರಗಳಿಂದ ನಾವಿಬ್ಬರೂ ಆ ಮಾತನ್ನು ಎತ್ತಿರಲಿಲ್ಲ. ಕೊನೆಯ ಕಪಾಟಿನ ಚಿಲಕ ಹಾಕಿ ಆಕೆಯೇ ಎತ್ತಿದಳು.

“ರೀ, ಮೈಸೂರಿನ ಮನೆಯನ್ನು ಹೀಗೆ ಮಾಡಿಕೊಡುತ್ತೀರಾ? ಇನ್ನೂ ಸ್ವಲ್ಪ ಕಾಣುತ್ತಿರುವಾಗಲೇ ಕಲಿತುಕೊಳ್ಳಬೇಕು.”

“ಮಗಳಿಗೆ ಏನು ಹೇಳೋಣ?”

“ನಾನೇ ಹೇಳುತ್ತೇನೆ.”

ಬರ್ಕ್ಸ್ ಪಾಸ್ ಇಳಿದು, ಫೇರ್ಲೀ, ಜೆರಾಲ್ಡೀನ್ ಊರುಗಳನ್ನು ಹಾದು, 1.7 ಕಿಲೋಮೀಟರಿಗೂ ಉದ್ದವಾದ ರಕಾಯಾ ಸೇತುವೆ ದಾಟಿ ಸಂಜೆಯ ವೇಳೆಗೆ ಕ್ರೈಸ್ಟ್‌ಚರ್ಚ್ ತಲುಪಿದೆವು. ಅಂದು ರಾತ್ರಿ ತಾಯಿ ಮಗಳು ಅಡುಗೆಮನೆಯಲ್ಲಿ ಬಹಳ ಹೊತ್ತು ಮಾತನಾಡಿದರು. ಮಗಳು ಅತ್ತದ್ದು ಕೇಳಿಸಿತು. ನಾನು ಎದ್ದು ಹೋಗಲಿಲ್ಲ.

ಸೋಮವಾರ ಗಾಡಿಯನ್ನು ಒಪ್ಪಿಸಿ ಬಂದ ಮೇಲೆ ಮಗಳು ನೋಟ್‌ಬುಕ್ ಹಿಡಿದು ಕುಳಿತಳು. ತಾಯಿ ಹೇಳುತ್ತ ಹೋದಳು: ಉಪ್ಪು ಒಲೆಯ ಎಡಕ್ಕೆ, ಸಾಸಿವೆ ಅದರ ಪಕ್ಕ; ಕಪಾಟಿನ ಬಾಗಿಲು ಅರೆತೆರೆದಿರಬಾರದು; ಜಪಸರ ಹಾಸಿಗೆಯ ಬಲಕ್ಕೆ ಮೊಳೆಯಲ್ಲಿ; ಮೆಟ್ಟಿಲ ಮೇಲೆ ಅಪ್ಪ ಚಪ್ಪಲಿ ಬಿಡಬಾರದು. ಕೊನೆಯದನ್ನು ಮಗಳು ದೊಡ್ಡ ಅಕ್ಷರದಲ್ಲಿ ಬರೆದಳು. ಎರಡು ಪುಟ ತುಂಬಿದ ಆ ಹಾಳೆಯನ್ನು ಆಕೆ ಮಡಚಿ, ಪಾಸ್‌ಪೋರ್ಟಿನ ಜೊತೆ ತನ್ನ ಕೈಚೀಲದಲ್ಲಿ ಇಟ್ಟುಕೊಂಡಳು.