ಹೊಗೆಮನೆಗೆ ಹಂಚೇ ಆಗಬೇಕು

ಕೊಟ್ಟಿಗೆ ದಾಟಿ, ಗೊಬ್ಬರದ ಗುಂಡಿಯನ್ನು ಬಲಕ್ಕೆ ಬಿಟ್ಟು ಹಿತ್ತಲಿಗೆ ಬಂದರೆ ಮೊದಲು ಮೂಗಿಗೆ ಬಡಿಯುವುದು ಆಸಿಡಿನ ಹುಳಿ ವಾಸನೆ. ಸುಳ್ಯ ಕಡೆಯ ರಬ್ಬರ್ ತೋಟದ ಮನೆಗಳಲ್ಲೆಲ್ಲ ಇದೇ ವಾಸನೆ. ಮೆಷಿನಿನಿಂದ ಆಗಷ್ಟೇ ಇಳಿದ ಬಿಳಿ ಶೀಟುಗಳು ಬಿದಿರಿನ ಗಳದ ಮೇಲೆ ನೀರು ತೊಟ್ಟಿಕ್ಕಿಸುತ್ತ ನೇತಾಡುತ್ತಿವೆ. ಏಪ್ರಿಲ್ ಕೊನೆ. ಈಗೇನೋ ಅಂಗಳದಲ್ಲೇ ಒಣಗಿಸಿಕೊಳ್ಳಬಹುದು. ಜೂನ್ ಬಂದರೆ ಆ ಮಾತಿಲ್ಲ. ಮರಕ್ಕೆ ಪ್ಲಾಸ್ಟಿಕ್ ಕಟ್ಟಿ ಮಳೆಯಲ್ಲೂ ಟ್ಯಾಪಿಂಗ್ ಮಾಡಬಹುದು. ತೆಗೆದ ಶೀಟನ್ನು ಒಣಗಿಸುವುದೆಲ್ಲಿ? ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕಿದ್ದು ಬೂಸ್ಟು ಹಿಡಿದು, ಅಂಗಡಿಯಲ್ಲಿ ‘ಲಾಟ್’ ಎಂದು ಪಕ್ಕಕ್ಕೆ ಬೀಳುತ್ತದೆ. ಆರ್‌ಎಸ್‌ಎಸ್ 4 ದರ್ಜೆಯ ಶೀಟಿನ ದರ ಪೇಪರಿನಲ್ಲಿ ಓದುವುದಕ್ಕೆ ಮಾತ್ರ.

ಅದಕ್ಕೇ ಈ ಹೊಗೆಮನೆ. ಕೆಂಪುಕಲ್ಲಿನ ಗೋಡೆ ಎದೆಮಟ್ಟಕ್ಕೆ ಬಂದಿದೆ. ಒಳಗೆ ಆರಡಿ ಅಗಲ, ಎಂಟಡಿ ಉದ್ದ. ಆಳು ಒಳಹೊಕ್ಕು ಕೈಯೆತ್ತಿ ಶೀಟು ಹಾಕುವಷ್ಟು ಜಾಗ. ಮೇಸ್ತ್ರಿ ಕಲ್ಲಿನ ಮೂಲೆ ಕೆತ್ತುತ್ತಿದ್ದಾರೆ, ಕೆಂಪು ಹುಡಿ ನಿಮ್ಮ ಪಾದದ ಮೇಲೂ ಉದುರುತ್ತಿದೆ. ಗೋಡೆಗೆ ಕೈಯಿಟ್ಟು ನೋಡಿ: ಮೈತುಂಬ ತೂತು. ಈ ತೂತುಗಳಲ್ಲಿ ಹಿಡಿದ ಗಾಳಿ ಬಿಸಿಯನ್ನು ಬೇಗ ಹೊರಗೆ ಬಿಡುವುದಿಲ್ಲ, ಅದು ಒಳ್ಳೆಯದೇ. ಆದರೆ ಹೊಗೆ ಅದೇ ತೂತುಗಳಲ್ಲಿ ದಾರಿ ಹುಡುಕುತ್ತದೆ. ಹಾಗಾಗಿ ಒಳಗಡೆ ಗಾರೆ ಬೇಕೇ ಬೇಕು. ಸಿಮೆಂಟ್ ಬ್ಲಾಕಿನಲ್ಲಿ ಕೆಲಸ ಬೇಗ ಮುಗಿಯುತ್ತಿತ್ತು ಎಂದು ತೋಟದ ಯಜಮಾನರಾದ ಗೌಡ್ರು ಈಗಲೂ ಹೇಳುತ್ತಿದ್ದಾರೆ. ಕೂಗಳತೆಯಲ್ಲಿ ಕಲ್ಲಿನ ಕೋರೆ ಇರುವಾಗ ಬ್ಲಾಕಿನ ಯೋಚನೆ ಯಾಕೋ ನನಗಂತೂ ತಿಳಿಯದು.

ಬೆಂಕಿಗೂಡು ಹೊರಗೆ, ಪೂರ್ವದ ಗೋಡೆಗೆ ತಾಗಿ. ಮಳೆಗಾಲದ ಗಾಳಿ ನೈಋತ್ಯದಿಂದ ಬರುತ್ತದೆ. ಬಾಯಿ ಆ ಕಡೆಗಿದ್ದರೆ ಬೆಂಕಿ ಮೇಸ್ತ್ರಿಯ ಮಾತೂ ಕೇಳದು, ದೇವರ ಮಾತೂ ಕೇಳದು. ಕೊಟ್ಟಿಗೆಯಿಂದ, ಹುಲ್ಲಿನ ಬಣವೆಯಿಂದ ದೂರ ಇಟ್ಟದ್ದೂ ಲೆಕ್ಕಾಚಾರದಿಂದಲೇ. ಒಣಗಿದ ರಬ್ಬರಿಗೆ ಕಿಡಿ ತಾಗಿದರೆ ನೀರು ಹಾಕಿ ಆರಿಸುವಷ್ಟು ಸಮಯ ಅದು ಕೊಡುವುದಿಲ್ಲ. ಗೂಡಿನೊಳಗೆ ಬಗ್ಗಿ ನೋಡಿದರೆ ಕೆಂಪುಕಲ್ಲಿಲ್ಲ, ಸುಟ್ಟ ಇಟ್ಟಿಗೆ. ಸಿಮೆಂಟೂ ಇಲ್ಲ, ಹುತ್ತದ ಮಣ್ಣಿಗೆ ಉಮಿ ಕಲಸಿ ಮೆತ್ತಿದ್ದಾರೆ. “ಹಗಲು ರಾತ್ರಿ ಬೆಂಕಿ ತಾಗಿದರೆ ಸಿಮೆಂಟು ಬಿರಿಯುತ್ತದೆ ಮಾರಾಯ್ರೆ. ಮಣ್ಣಾದರೆ ಬಿರಿದಲ್ಲಿ ಇನ್ನೊಂದು ಮುಷ್ಟಿ ಮೆತ್ತಿದರೆ ಆಯ್ತು,” ಎನ್ನುತ್ತಾರೆ ಮೇಸ್ತ್ರಿ. ಗೂಡಿನಿಂದ ಒಂದು ಚರಂಡಿ ನೆಲದಡಿಯಲ್ಲಿ ಹೊಗೆಮನೆಯ ನಡುವಿನವರೆಗೆ ಹೋಗುತ್ತದೆ. ಮೇಲೆ ಚಪ್ಪಡಿ, ಚಪ್ಪಡಿಗಳ ನಡುವೆ ಸಂದು, ಸಂದಿನ ಮೇಲೆ ಕಬ್ಬಿಣದ ಬಲೆ. ಕಿಡಿ ಚರಂಡಿಯಲ್ಲೇ ಸಾಯಬೇಕು, ಮೇಲಿನಿಂದ ಜಾರಿದ ಶೀಟು ಬೆಂಕಿಯ ದಾರಿಗೆ ಬೀಳಬಾರದು, ಎರಡಕ್ಕೂ ಆ ಬಲೆ.

ಜಗಳ ಶುರುವಾಗುವುದು ಮಾಡಿನ ವಿಷಯಕ್ಕೆ.

ಗೌಡ್ರ ಮಗ ತಗಡು ತರಿಸುವುದೆಂದು ಪೇಟೆಯಲ್ಲಿ ದರ ಕೇಳಿ ಬಂದಿದ್ದಾನೆ. ಪಕ್ಕಾಸು ಕಡಿಮೆ ಸಾಕು, ಒಂದೇ ದಿನದ ಕೆಲಸ, ಮಂಗ ಹಾರಿದರೂ ಒಡೆಯದು. ಅವನು ಹೇಳಿದ್ದು ಯಾವುದೂ ಸುಳ್ಳಲ್ಲ. ಮೇಸ್ತ್ರಿ ಉಳಿ ಕೆಳಗಿಟ್ಟು ಬೀಡಿ ಹಚ್ಚುತ್ತಾರೆ. ಮಾತಾಡುವುದು ಅವರಲ್ಲ, ಆಸಿಡಿನ ಬಕೆಟ್ ತೊಳೆಯುತ್ತಿರುವ ಹೆಂಗಸು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಸಿಲೋನಿನಿಂದ ಬಂದ ತಮಿಳರಲ್ಲಿ ಹಲವು ಕುಟುಂಬಗಳು ಸುಳ್ಯ, ಪುತ್ತೂರಿನ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆ ನಿಂತವು. ಇವರು ಅಂಥ ಮನೆಯವರು. ಇವರ ತಂದೆ ತೋಟದ ದೊಡ್ಡ ಹೊಗೆಮನೆಯಲ್ಲಿ ರಾತ್ರಿಪಾಳಿಗೆ ಬೆಂಕಿ ಕಾದವರು.

“ತಗಡು ಹಾಕಿದರೆ ಒಳಗೆ ಮಳೆ ಬರ್ತದೆ ಅಣ್ಣಾ.”

“ತೂತಿಲ್ಲದ ತಗಡಿನಲ್ಲಿ ಎಂತ ಮಳೆ ಅಕ್ಕಾ?”

ಅಕ್ಕ ಒಗಟು ಹೇಳುತ್ತಿಲ್ಲ. ಮೆಷಿನಿನಿಂದ ಇಳಿದ ಶೀಟಿನಲ್ಲಿ ಇನ್ನೂ ನೀರಿದೆ. ಬಿಸಿ ತಾಗಿದೊಡನೆ ಅದು ಆವಿಯಾಗಿ ಮೇಲೇರುತ್ತದೆ. ಜುಲೈ ರಾತ್ರಿ ಹೊರಗಿನ ಮಳೆ ತಗಡನ್ನು ತಣ್ಣಗೆ ಮಾಡಿರುತ್ತದೆ. ಆವಿ ಅಲ್ಲೇ ಹನಿಗಟ್ಟಿ, ಹೊಗೆಯ ಕಪ್ಪು ಕೂಡಿಸಿಕೊಂಡು ಶೀಟಿನ ಮೇಲೆಯೇ ತೊಟ್ಟಿಕ್ಕುತ್ತದೆ. ಹನಿ ಬಿದ್ದಲ್ಲೆಲ್ಲ ಕಲೆ. ಹಂಚು ಹಾಗಲ್ಲ. ಮಣ್ಣಿನದು, ಒಂದಷ್ಟು ತೇವ ತಾನೇ ಕುಡಿಯುತ್ತದೆ, ಉಳಿದದ್ದನ್ನು ಸಂದುಗಳಲ್ಲಿ ಹೊರಗೆ ಬಿಡುತ್ತದೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಶುರುಮಾಡಿದ ಹಂಚು ಮನೆಗಳಿಗೆಂದು ಆದದ್ದು ಹೌದು. ಒಳಗೆ ಒಲೆ ಉರಿಯುವ ಯಾವ ಕಟ್ಟಡಕ್ಕೂ ಅದಕ್ಕಿಂತ ಒಳ್ಳೆಯ ಮಾಡು ಈ ಮಳೆಯ ನಾಡಿನಲ್ಲಿ ನಾನು ಕಂಡಿಲ್ಲ. ಕೊನೆಗೆ ಕೆಡವಿದ ಹಳೆ ಮನೆಯ ಹಂಚೇ ಬರುತ್ತದೆ, ಅರ್ಧ ಪಾಚಿ ಹಿಡಿದದ್ದು. ನಡುವೆ ಒಂದು ಗಾಜಿನ ಹಂಚು ಇಟ್ಟರೆ ಒಳಗೆ ಬೆಳಕು ಬಂದೀತು ಎನ್ನುತ್ತಾರೆ ಗೌಡ್ರು. ಅಕ್ಕನಿಗೆ ನಗು. ವಾರದೊಳಗೆ ಅದಕ್ಕೂ ಉಳಿದ ಹಂಚಿಗೂ ಬಣ್ಣದಲ್ಲಿ ವ್ಯತ್ಯಾಸ ಇರುವುದಿಲ್ಲ. ಬದಲಿಗೆ ಕೋಡಿನ ಕೆಳಗೆ ಎರಡೂ ತುದಿಗೆ ಎಳೆದು ಮುಚ್ಚುವ ಕಿಟಕಿ ಇಡಿಸುತ್ತಾರೆ.

ಒಳಗಿನ ಅಟ್ಟಣಿಗೆ ಕಟ್ಟುವಾಗ ಇನ್ನೊಂದು ಸಂಗತಿ. ಶೀಟು ತೂಗುವ ಗಳಗಳಿಗೆ ಅಡಿಕೆಯ ದಬ್ಬೆ ಮನೆಯಲ್ಲೇ ರಾಶಿ ಇದೆ, ಆದರೆ ಸಿಬಿರು ಏಳುತ್ತದೆ. ಶೀಟಿಗೆ ಅಂಟಿದ ಒಂದು ನಾರನ್ನೂ ವ್ಯಾಪಾರಿಯ ಕಣ್ಣು ಬಿಡುವುದಿಲ್ಲ. ಆದ್ದರಿಂದ ಗಂಟು ಕೆತ್ತಿ ನಯ ಮಾಡಿದ ಬಿದಿರು. ಗಳ ಕಟ್ಟಲು ಗೌಡ್ರ ಮಗ ಹಳೆಯ ಮೋಟರಿನಿಂದ ಬಿಚ್ಚಿದ ತಾಮ್ರದ ತಂತಿ ತಂದರೆ ಅಕ್ಕ ಅದನ್ನು ಕೈಯಿಂದ ಕಿತ್ತುಕೊಳ್ಳುತ್ತಾರೆ. ತಾಮ್ರ ರಬ್ಬರಿಗೆ ವಿಷ. ಅದರ ಅಂಶ ಸೋಕಿದ ರಬ್ಬರ್ ಬೇಗ ಹಳತಾಗಿ, ಅಂಟಂಟಾಗಿ ಕೆಡುತ್ತದೆ. ಹಾಲು ಹಿಡಿಯುವುದಕ್ಕೂ ತಾಮ್ರ, ಹಿತ್ತಾಳೆಯ ಪಾತ್ರೆ ಆಗದು. ತೆಂಗಿನ ಹುರಿ ಸಾಕು.

ಮೊದಲ ಬೆಂಕಿ ಖಾಲಿ ಮನೆಗೆ. ಹೊಸ ಗೋಡೆಯ ನೀರು ಮೊದಲು ಹೋಗಬೇಕು. ಬಾಗಿಲೆಳೆದು ಒಳಗೆ ನಿಂತು ನೋಡಿ: ಮೊದಲು ಏನೂ ಇಲ್ಲ, ಆಮೇಲೆ ಪಾದದ ಬಳಿ ಬೆಚ್ಚಗೆ, ಆಮೇಲೆ ಕಣ್ಣು ಉರಿದು ನೀರು. ಕುಕ್ಕರುಗಾಲಲ್ಲಿ ಕೂತರೆ ಉಸಿರಾಡಬಹುದು. ಹೊರಗಿನಿಂದ ಮೇಸ್ತ್ರಿ ಗೋಡೆ ಸುತ್ತುತ್ತ, ಹೊಗೆ ಎಳೆ ಕಂಡಲ್ಲೆಲ್ಲ ಮಣ್ಣು ಮೆತ್ತುತ್ತಿರುವ ಸದ್ದು ಕೇಳುತ್ತದೆ.

ಶೀಟು ಒಳಗೆ ಹೋಗುವ ದಿನ ಅಕ್ಕನದೇ ಯಜಮಾನಿಕೆ. ಮುನ್ನೂರು ಮರದ ಹಾಲು, ಸುಮಾರು ಮೂವತ್ತು ಶೀಟು, ಒಂದೊಂದೂ ಅರ್ಧ ಕಿಲೋ. ದಪ್ಪ ಮೂರು ಮಿಲಿಮೀಟರ್ ಮೀರಿದ್ದನ್ನು ಬೆರಳಲ್ಲೇ ಗುರುತಿಸಿ ಮತ್ತೆ ಮೆಷಿನಿಗೆ ಕಳಿಸುತ್ತಾರೆ. ಗೋಡೆಯ ತೂತಿನಲ್ಲಿ ತೂಗಿದ ಥರ್ಮಾಮೀಟರ್ ಮೊದಲ ದಿನ 45ರ ಆಸುಪಾಸು ದಾಟಬಾರದು. ಹಸಿ ಶೀಟಿಗೆ ಒಮ್ಮೆಲೇ ಬಿಸಿ ಕೊಟ್ಟರೆ ಒಳಗೆ ಗುಳ್ಳೆ ಏಳುತ್ತದೆ. ಮೇಲಿನ ಕಿಟಕಿ ಪೂರ್ತಿ ತೆರೆದಿರಬೇಕು, ಆವಿ ಹೋಗಲಿ. ಮರುದಿನದಿಂದ ಕಿಟಕಿ ಅರ್ಧ, ಬಿಸಿ 60ರವರೆಗೆ, ಅದಕ್ಕಿಂತ ಮೇಲೆ ಬೇಡ. ಸೌದೆ ಮುದಿ ರಬ್ಬರ್ ಮರದ್ದು, ಜೊತೆಗೆ ತೆಂಗಿನ ಸಿಪ್ಪೆ. ಒಂದು ಕಿಲೋ ರಬ್ಬರಿಗೆ ಸುಮಾರು ಒಂದು ಕಿಲೋ ಸೌದೆ ಹೋಗುತ್ತದೆ. ಒಣಗಿಸುವುದು ಬಿಸಿ, ಬೂಸ್ಟಿಗೆ ಮದ್ದು ಹೊಗೆಯಲ್ಲಿರುವ ಫೀನಾಲಿನಂಥ ದ್ರವ್ಯಗಳು. ಎರಡರ ಪ್ರಮಾಣ ನೋಡಿಕೊಳ್ಳಲು ರಾತ್ರಿ ಯಾರಾದರೂ ಏಳಲೇಬೇಕು. ಆ ಪಾಳಿ ಗೌಡ್ರ ಮಗನಿಗೆ ಬಿದ್ದಿದೆ, ಅವನ ಮುಖ ನೋಡುವ ಹಾಗಿಲ್ಲ.

ದಿನಕ್ಕೊಮ್ಮೆ ಶೀಟುಗಳನ್ನು ಗಳದ ಮೇಲೆ ಸ್ವಲ್ಪ ಸರಿಸಬೇಕು, ಇಲ್ಲದಿದ್ದರೆ ಮಡಿಕೆಯ ಜಾಗ ಒಣಗದು. ನಾಲ್ಕನೆಯ ದಿನ ಬಾಗಿಲು ತೆರೆದಾಗ ಬಿಳಿಯಿದ್ದದ್ದೆಲ್ಲ ಜೇನಿನ ಬಣ್ಣಕ್ಕೆ ತಿರುಗಿದೆ. ಅಕ್ಕ ಒಂದೊಂದನ್ನೂ ಬಿಸಿಲಿಗೆ ಎತ್ತಿ ಹಿಡಿದು ನೋಡುತ್ತಾರೆ. ಬೆಳಕು ಆಚೆಯಿಂದ ತೂರಿ ಬಂದರೆ ಎಡಗಡೆಯ ರಾಶಿಗೆ. ಒಂದರ ಮಡಿಕೆಯ ಸಾಲಿನಲ್ಲಿ ಹೆಬ್ಬೆರಳಗಲದ ಬಿಳಿ ಚುಕ್ಕೆ ಉಳಿದಿದೆ, ನೀರು ಇನ್ನೂ ಅಲ್ಲಿದೆ.

“ಇಷ್ಟಕ್ಕೆಲ್ಲ ಎಂತ ಆಗ್ತದೆ ಅಕ್ಕಾ, ಮಧ್ಯದಲ್ಲಿಟ್ಟು ಕೊಡುವ,” ಎನ್ನುತ್ತಾನೆ ಹುಡುಗ.

“ಅಂಗಡಿಯವರು ಮಧ್ಯದ್ದನ್ನೇ ಮೊದಲು ಎಳೆಯುವುದು,” ಎಂದು ಅಕ್ಕ ಅದನ್ನು ಅವನ ಕೈಗೇ ಕೊಟ್ಟು, ಮೇಲಿನ ಗಳ ತೋರಿಸುತ್ತಾರೆ.